ಒಂದೇ ಫೈಲ್, ನೂರಾರು ಹೆಸರು: ಬಿಜಿಬಾಕ್ಸ್ ಲಿಂಕ್‌ಗಳ ಹಿನ್ನೆಲೆ

ಆಲ್ಪೈನ್ ಲಿನಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನಲ್ಲಿ ಬಿನ್ ಡೈರೆಕ್ಟರಿಯ ಪಟ್ಟಿ ತೆಗೆದು ನೋಡಿ. ಎಲ್‌ಎಸ್, ಸಿಪಿ, ಗ್ರೆಪ್‌ನಂಥ ಕಮಾಂಡ್‌ಗಳೆಲ್ಲ ಇರುತ್ತವೆ. ಆದರೆ ಅವುಗಳ ಮುಂದಿನ ಬಾಣ ತೋರಿಸುವುದು ಬಿಜಿಬಾಕ್ಸ್ ಅನ್ನೋ ಒಂದೇ ಫೈಲನ್ನು.

ಇದರ ಬೇರು ಇರುವುದು ಫ್ಲಾಪಿಯಲ್ಲಿ. 1995ರ ಸುಮಾರಿಗೆ ಡೆಬಿಯನ್ ಲಿನಕ್ಸ್‌ನ ಡೆವಲಪರ್ ಬ್ರೂಸ್ ಪೆರೆನ್ಸ್‌ಗೆ, ಡೆಬಿಯನ್ ಇನ್‌ಸ್ಟಾಲ್ ಮಾಡುವುದಕ್ಕೂ ಕೆಟ್ಟ ಸಿಸ್ಟಂ ರಿಪೇರಿಗೂ ಒಂದೇ ಫ್ಲಾಪಿ ಸಾಕಾಗಬೇಕಿತ್ತು. ಜಾಗ ಬರೀ 1.44 ಎಂಬಿ. ಬೇರೆ ಬೇರೆ ಪ್ರೋಗ್ರಾಂ ಇಟ್ಟರೆ ಒಂದೇ ತರಹದ ಕೋಡ್ ಪ್ರತಿಯೊಂದರಲ್ಲೂ ಸುಮ್ನೆ ಜಾಗ ತಿನ್ನುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಬೈನರಿಯಲ್ಲಿ, ಅಂದರೆ ನೇರವಾಗಿ ಓಡುವ ಒಂದೇ ಪ್ರೋಗ್ರಾಂ ಫೈಲಿನಲ್ಲಿ, ಸೇರಿಸಿದರು.

ತಾನೀಗ ಎಲ್‌ಎಸ್ಸೋ ಸಿಪಿಯೋ ಅಂತ ಆ ಬೈನರಿಗೆ ಗೊತ್ತಾಗುವುದು ಹೇಗೆ? ಯಾವ ಹೆಸರಿನಿಂದ ಕರೆದರೋ ಆ ಹೆಸರು ಪ್ರೋಗ್ರಾಂಗೆ ಮೊದಲ ಆರ್ಗ್ಯುಮೆಂಟ್ ಆಗಿ ಸಿಗುತ್ತದೆ. ಈ ಉಪಾಯ ಯುನಿಕ್ಸ್‌ನಲ್ಲಿ ಹಳೆಯದು. ವಿಐ ಮತ್ತು ಇಎಕ್ಸ್ ಎಡಿಟರ್‌ಗಳೂ ಒಂದೇ ಫೈಲಿನ ಎರಡು ಹೆಸರುಗಳೇ.

ಹೆಸರು ಹಚ್ಚುವ ಕೆಲಸವನ್ನು ಬಿಜಿಬಾಕ್ಸ್‌ನ 'ಇನ್‌ಸ್ಟಾಲ್' ಆಯ್ಕೆಯೇ ಮಾಡುತ್ತದೆ. ಸುಮ್ನೆ ಕೊಟ್ಟರೆ ಹಾರ್ಡ್ ಲಿಂಕ್, ಜೊತೆಗೆ 'ಎಸ್' ಸೇರಿಸಿದರೆ ಸಿಮ್‌ಲಿಂಕ್. ತಕರಾರು ಶುರುವಾಗುವುದೇ ಇಲ್ಲಿ.

ಹಾರ್ಡ್ ಲಿಂಕ್ ಎಂದರೆ ಅದೇ ಐನೋಡ್‌ಗೆ (ಡಿಸ್ಕ್‌ನಲ್ಲಿ ಫೈಲಿನ ವಿವರ ಇಟ್ಟಿರುವ ದಾಖಲೆಗೆ) ಇನ್ನೊಂದು ಹೆಸರು. ಒಂದು ಹೆಸರು ಅಳಿಸಿದರೂ ಉಳಿದವು ಬದುಕಿರುತ್ತವೆ. ಆದರೆ ಬೇರೆ ಪಾರ್ಟಿಷನ್‌ಗೆ ದಾಟುವುದಿಲ್ಲ. ಇನ್ನೂ ದೊಡ್ಡ ತೊಂದರೆ ಅಪ್‌ಗ್ರೇಡ್‌ನಲ್ಲಿದೆ. ಹೊಸ ಬೈನರಿ ಹಳೆಯದರ ಜಾಗಕ್ಕೆ ಬಂದಾಗ ಅದರ ಐನೋಡ್ ಬೇರೆ. ಫೈಲ್ ಡೌನ್‌ಲೋಡ್ ಮಾಡುವ ಡಬ್ಲ್ಯೂಗೆಟ್ ಕಮಾಂಡ್‌ನಲ್ಲಿದ್ದ ಸೆಕ್ಯುರಿಟಿ ದೋಷ ಸರಿಯಾಯಿತು ಅಂದುಕೊಳ್ಳುತ್ತೀರಿ, ಆದರೆ ಡಬ್ಲ್ಯೂಗೆಟ್ ಅನ್ನೋ ಹೆಸರು ಇನ್ನೂ ಹಳೇ ಫೈಲಿಗೇ ಅಂಟಿಕೊಂಡಿರುತ್ತದೆ. ಎರರ್ ಕೂಡ ಬರುವುದಿಲ್ಲ. ನನ್ನ ಮಟ್ಟಿಗೆ ಇದೇ ಅತಿ ಅಪಾಯದ ವಿಷಯ.

ಸಿಮ್‌ಲಿಂಕ್‌ನಲ್ಲಿ ಬರೆದಿರುವುದು ಬರೀ ದಾರಿ. ಹೊಸ ಬೈನರಿ ಬಂದ ಕೂಡಲೇ ಎಲ್ಲ ಹೆಸರುಗಳೂ ಹೊಸದಕ್ಕೇ ಹೋಗುತ್ತವೆ. ಆದರೆ ಆ ಒಂದು ಫೈಲ್ ಹೋಯಿತೋ, ಎಲ್‌ಎಸ್ ಕೂಡ ಸಿಗಲ್ಲ. ಫ್ಯಾಟ್ ಫಾರ್ಮ್ಯಾಟ್ ಪೆನ್‌ಡ್ರೈವ್‌ನಲ್ಲಂತೂ ಎರಡೂ ನಡೆಯುವುದಿಲ್ಲ.

ಈ ದಾರಿಯನ್ನು ಬೇರೆಯವರೂ ಹಿಡಿದರು. 2014ರಲ್ಲಿ ಎಲ್‌ಎಸ್, ಸಿಪಿಯಂಥ ಕಮಾಂಡ್‌ಗಳ ಗ್ನೂ ಕೋರ್‌ಯುಟಿಲ್ಸ್ ಕಟ್ಟಿಗೂ ಒಂದೇ ಬೈನರಿಯ ಆಯ್ಕೆ ಬಂತು. 2015ರ ಆಂಡ್ರಾಯ್ಡ್ 6ರಿಂದ ಫೋನ್‌ಗಳಲ್ಲಿ ಇದೇ ಮಾದರಿಯ ಟಾಯ್‌ಬಾಕ್ಸ್ ಇದೆ.

ಅಪ್‌ಗ್ರೇಡ್ ಆಗುತ್ತಿರುವ ಸಿಸ್ಟಂಗೆ ಸಿಮ್‌ಲಿಂಕೇ ಸರಿ. ಅಪ್‌ಗ್ರೇಡ್‌ಗೂ ಮೊದಲು ಹಳೇ ಬೈನರಿಯ ಒಂದು ಪ್ರತಿ ತೆಗೆದಿಡಿ. ಅದರ ಹೆಸರು ಬಿಜಿಬಾಕ್ಸ್ ಅಂತಲೇ ಶುರುವಾಗಲಿ, ಮುಂದೆ ಏನು ಬೇಕಾದರೂ ಸೇರಿಸಿ. ಆಗ ಲಿಂಕ್‌ಗಳೆಲ್ಲ ಕೈಕೊಟ್ಟರೂ ಮೊದಲು ಆ ಹೆಸರು, ಅದರ ನಂತರ ಕಮಾಂಡ್ ಟೈಪ್ ಮಾಡಿದರೆ ಅದು ಓಡುತ್ತದೆ. ಬೇರೆ ಹೆಸರಿಟ್ಟರೆ ಅಂಥ ಆಪ್ಲೆಟ್ (ಬಿಜಿಬಾಕ್ಸ್ ಒಳಗಿನ ಕಮಾಂಡ್) ಇಲ್ಲ ಅಂದುಬಿಡುತ್ತದೆ.