ಡಿಸ್‌ಕನ್ಸರ್ಟ್: ತಬ್ಬಿಬ್ಬಾದವರು ಯಾರು?

'ಐ ವಾಸ್ ವೆರಿ ಡಿಸ್‌ಕನ್ಸರ್ಟಿಂಗ್ ಇನ್ ದಿ ಇಂಟರ್‌ವ್ಯೂ' ಎಂದು ಬರೆಯುವವರು ಹೇಳಹೊರಟಿದ್ದು, ಸಂದರ್ಶನದಲ್ಲಿ ತಾವು ತಬ್ಬಿಬ್ಬಾದೆವು ಎಂದು. ಓದುವವರಿಗೆ ತಿಳಿಯುವುದೇ ಬೇರೆ: ಇವರಿಂದಾಗಿ ಎದುರು ಕೂತವರು ತಬ್ಬಿಬ್ಬಾದರು!

ಈ ತಪ್ಪಿಗೆ ನಮ್ಮ ವಾಕ್ಯರಚನೆಯ ರೂಢಿಯೂ ಕಾರಣ. 'ನನಗೆ ಕಸಿವಿಸಿಯಾಯಿತು' ಎನ್ನುವಾಗ ಅನುಭವಿಸುವವರಿಗೆ ಚತುರ್ಥಿ ವಿಭಕ್ತಿ ಹತ್ತುತ್ತದೆ; ಯಾತರಿಂದ ಎಂದು ಹೇಳದೆಯೂ ವಾಕ್ಯ ಮುಗಿಯುತ್ತದೆ. ಡಿಸ್‌ಕನ್ಸರ್ಟ್ (ತಬ್ಬಿಬ್ಬುಗೊಳಿಸು) ಹಾಗಲ್ಲ, ಸಕರ್ಮಕ ಕ್ರಿಯಾಪದ. ಕಾರಣವೇ ಕರ್ತೃ, ಕಸಿವಿಸಿಪಡುವವರು ಕರ್ಮ: 'ಹರ್ ಸೈಲೆನ್ಸ್ ಡಿಸ್‌ಕನ್ಸರ್ಟೆಡ್ ಹಿಮ್'. ಹಾಗಾಗಿ ಕಾರಣಕ್ಕೆ -ಇಂಗ್, ಅನುಭವಿಸುವವರಿಗೆ -ಎಡ್. ಅನುಮಾನ ಬಂದರೆ ಅದೇ ಮಾತನ್ನು ಕನ್ನಡದಲ್ಲಿ ಹೇಳಿಕೊಂಡು, '-ಗೆ' ಯಾರಿಗೆ ಹತ್ತಿತು ನೋಡಿ, -ಎಡ್ ಅವರದು. ಬೋರಿಂಗ್-ಬೋರ್ಡ್, ಕನ್‌ಫ್ಯೂಸಿಂಗ್-ಕನ್‌ಫ್ಯೂಸ್ಡ್ ಜೋಡಿಗಳಿಗೂ ಇದೇ ಪರೀಕ್ಷೆ ಸಾಕು. -ಎಡ್ ರೂಪದ ಮುಂದೆ 'ಬೈ' ಬರುತ್ತದೆ, ಇಲ್ಲವೇ 'ಟು ಫೈಂಡ್', 'ಟು ಸೀ': 'ಶಿ ವಾಸ್ ಡಿಸ್‌ಕನ್ಸರ್ಟೆಡ್ ಟು ಫೈಂಡ್ ದಿ ಹಾಲ್ ಎಂಪ್ಟಿ'.

ಪದದೊಳಗಿರುವ ಕನ್ಸರ್ಟ್‌ಗೆ ಸಂಗೀತ ಕಛೇರಿಯಷ್ಟೇ ಅಲ್ಲ, ಒಮ್ಮತ, ಕೂಡಿ ಹೂಡಿದ ಯೋಜನೆ ಎಂಬ ಅರ್ಥವೂ ಇದೆ. 17ನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಡಿಸ್‌ಕನ್ಸರ್ಟ್, ಹೂಡಿದ ಯೋಜನೆಯನ್ನು ಕೆಡಿಸುವುದು ಎಂಬ ಅರ್ಥದಲ್ಲೂ ಬಳಕೆಯಲ್ಲಿತ್ತು. ಅದರ ನೆರಳು ಇಂದಿಗೂ ಉಳಿದಿದೆ. ಸಮಾಧಾನವಾಗಿ, ಸಿದ್ಧವಾಗಿ ನಿಂತವರ ಹಿಡಿತ ಥಟ್ಟನೆ ತಪ್ಪಬೇಕು. ಪಾಟೀಸವಾಲಿನಲ್ಲಿ ಎಣಿಸಿರದ ಪ್ರಶ್ನೆ ಎದುರಾದ ಸಾಕ್ಷಿಯಂತೆ. ಆದ್ದರಿಂದ ಅನುವಾದಕ್ಕೆ 'ತಬ್ಬಿಬ್ಬು', 'ಗಲಿಬಿಲಿ' ಸರಿಹೊಂದುತ್ತವೆ. 'ಗೊಂದಲ' ಸಾಲದು, ಅದು ತಿಳಿವಳಿಕೆಯ ತೊಡಕು. 'ಮುಜುಗರ' ಎಂಬರಾಸ್‌ಮೆಂಟಿನ ಪಾಲು. ಪತ್ರಿಕೆಗಳ ಮೆಚ್ಚಿನ 'ವಿಚಲಿತ' ತಪ್ಪಲ್ಲ, ಆದರೆ ಎಲ್ಲ ಕಳವಳಕ್ಕೂ ಅದನ್ನೇ ಹಚ್ಚಿ ಸವೆಸಿದ್ದಾರೆ. ತಿಂಗಳುಗಟ್ಟಲೆ ಕಾಡುವ ಸಾಲದ ಚಿಂತೆಗೆ ಡಿಸ್‌ಕನ್ಸರ್ಟ್ ಹಾಕಬೇಡಿ. ಅಲ್ಲಿ ವರಿ ಅಥವಾ ಟ್ರಬಲ್ ಸಾಕು.

ಅರ್ಥದಲ್ಲಿ ಹತ್ತಿರವೆನಿಸುವ ಡಿಸ್ಟರ್ಬ್ ಜೊತೆ ಎಚ್ಚರ ಬೇಕು. ನಮ್ಮಲ್ಲಿ ಅದು ಕೆಲಸಕ್ಕೆ ಅಡ್ಡಿಪಡಿಸುವುದು. ಆದರೆ 'ಡಿಸ್ಟರ್ಬಿಂಗ್' ಎಂದರೆ ಮನಸ್ಸು ಕಲಕುವಷ್ಟು ಗಂಭೀರ, ಹಿಂಸೆಯ ದೃಶ್ಯಕ್ಕೆ ಹೇಳುವ ಮಾತು. ಸಹೋದ್ಯೋಗಿಯನ್ನು 'ಡಿಸ್ಟರ್ಬ್ಡ್' ಎಂದರಂತೂ ಮನೋರೋಗದ ಸೂಚನೆಯಾಗಿಬಿಡಬಹುದು.

ಡಿಸ್‌ಕಂಫಿಟ್‌ನ ಕತೆ ಇನ್ನೂ ವಿಚಿತ್ರ. ಅದರ ಹಳೆಯ ಅರ್ಥ ಯುದ್ಧದಲ್ಲಿ ಸೋಲಿಸುವುದು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಇಸ್ರಾಯೇಲ್ಯರ ಸೇನಾನಿ ಯೆಹೋಶುವನು ಶತ್ರುಗಳಾದ ಅಮಾಲೇಕ್ಯರನ್ನು ಕತ್ತಿಯಿಂದ 'ಡಿಸ್‌ಕಂಫಿಟ್' ಮಾಡುತ್ತಾನೆ. ಅವರಿಗೆ ಆದದ್ದು ಬರೀ ಇರುಸುಮುರುಸಲ್ಲ. ಡಿಸ್‌ಕಂಫರ್ಟ್ ಎಂಬ ಬೇರೆ ಮೂಲದ ಪದದ ಧ್ವನಿಸಾಮ್ಯದಿಂದಲೂ ಇರುಸುಮುರುಸುಗೊಳಿಸುವುದು ಎಂಬ ಇಂದಿನ ಮೆತ್ತನೆಯ ಅರ್ಥ ಬೆಳೆಯಿತು. ಹೊಟ್ಟೆಯ ತೊಂದರೆಗಾದರೆ ಡಿಸ್‌ಕಂಫರ್ಟ್ ಎನ್ನಿ, ಡಿಸ್‌ಕಂಫಿಟ್ ನಡೆಯದು.

ಡಿಸ್‌ಕನ್ಸರ್ಟ್ ಎಂದು ಉಚ್ಚರಿಸುವಾಗ ಒತ್ತು ಕೊನೆಯ 'ಸರ್ಟ್' ಮೇಲೆ. ಕಛೇರಿಯ ಅರ್ಥದ ಕನ್ಸರ್ಟ್‌ನಲ್ಲಿ ಮೊದಲ ಅಕ್ಷರದ ಮೇಲೆ. ಡಿಸ್‌ಕನ್ಸರ್ಶನ್ ಎಂಬ ನಾಮಪದ ನಿಘಂಟಿನಲ್ಲಿದ್ದರೂ ಬಳಕೆ ತೀರಾ ವಿರಳ, ಕ್ರಿಯಾಪದದಲ್ಲೇ ವಾಕ್ಯ ಕಟ್ಟುವುದು ಲೇಸು.