ಸೋಮವಾರದ ರಾಹುಕಾಲ 7:30ಕ್ಕೇ ಶುರುವಾಗಬೇಕಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ಸೋಮವಾರದ ರಾಹುಕಾಲ 7:30ರಿಂದ 9 ಅಂತ ಇದೆ. ಜನವರಿಯಲ್ಲಿ ಮೊಬೈಲ್ ಪಂಚಾಂಗ 8:11ರಿಂದ ಅಂತ ತೋರಿಸಿತು. ಯಾವುದು ಸರಿ?

ಉತ್ತರ: ಮೊಬೈಲ್‌ನದ್ದೇ ಸರಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ರಾಹುಕಾಲ ಅಂದರೆ ಒಂದೂವರೆ ಗಂಟೆ ಅಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲಿನ ಎಂಟನೇ ಒಂದು ಪಾಲು. ಸೋಮವಾರ ಎರಡನೇ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಕೊನೆಯದು. ಗೋಡೆಯ ಮೇಲಿನ ಪಟ್ಟಿ ಬೆಳಿಗ್ಗೆ 6ಕ್ಕೆ ಸೂರ್ಯ ಹುಟ್ಟಿ ಸಂಜೆ 6ಕ್ಕೆ ಮುಳುಗುವ ದಿನದ ಲೆಕ್ಕ. ಬೆಂಗಳೂರಿನಲ್ಲಿ ಅಂಥ ದಿನ ವರ್ಷದಲ್ಲಿ ಒಂದೂ ಇಲ್ಲ. ಹಗಲು ರಾತ್ರಿ ಸಮ ಇರುವ ಮಾರ್ಚ್ 21ರ ಹೊತ್ತಿಗೂ ಇಲ್ಲಿ ಸೂರ್ಯ ಹುಟ್ಟುವುದು 6:25ರ ಸುಮಾರಿಗೆ.

ಜನವರಿ ನಡುವಿನ ಒಂದು ಸೋಮವಾರ ತಗೊಳ್ಳಿ. ಸೂರ್ಯೋದಯ ಸುಮಾರು 6:46, ಸೂರ್ಯಾಸ್ತ 6:12. ಹಗಲು 11 ಗಂಟೆ 26 ನಿಮಿಷ. ಎಂಟು ಭಾಗ ಮಾಡಿದರೆ ಒಂದೊಂದೂ 86 ನಿಮಿಷದಷ್ಟು. ಅಂದರೆ ರಾಹುಕಾಲ 8:11ರಿಂದ 9:37. ಪಟ್ಟಿ ನೋಡಿಕೊಂಡು 'ಒಂಬತ್ತಾಯಿತು, ಕಳೆಯಿತು' ಅಂತ ಒಳ್ಳೆ ಕೆಲಸಕ್ಕೆ ಹೊರಟವರು ಸರಿಯಾಗಿ ರಾಹುಕಾಲದಲ್ಲೇ ಹೊಸಿಲು ದಾಟುತ್ತಾರೆ! ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಒಂದು ಭಾಗಾಕಾರ ಮಾಡಬಾರದಾ?

'ಅಜ್ಜನ ಕಾಲದಿಂದ 7:30 ಅಂತಲೇ ಇದೆ' ಅನ್ನುತ್ತಾರೆ. ಆದರೆ ಗಡಿಯಾರದ ಸಮಯ ಇಡೀ ಭಾರತಕ್ಕೆ ಒಂದೇ, ಅದು 82.5 ಡಿಗ್ರಿ ಪೂರ್ವ ರೇಖಾಂಶದ್ದು. ಬೆಂಗಳೂರಿನ ಸೂರ್ಯ ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನದು 30 ನಿಮಿಷ. ಲಂಡನ್ನಿನಲ್ಲಿರುವ ಮಗಳಿಗೆ ಇದೇ ಪಟ್ಟಿ ಕಳಿಸುವವರೂ ಇದ್ದಾರೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟುವುದೇ 8 ಗಂಟೆಯ ಮೇಲೆ. ಸೂರ್ಯನೇ ಹುಟ್ಟದೆ ಹಗಲಿನ ಎರಡನೇ ಪಾಲು ಎಲ್ಲಿಂದ ಬರಬೇಕು?

ವಿದೇಶದ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ತಿಥಿಯದ್ದು ಬೇರೆ ದಾರಿ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ ಮುಗಿಯಿತು. ಆ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ದಿನಕ್ಕೆ ಹೆಸರು ಕೊಡುವುದು ಆಯಾ ಊರಿನ ಸೂರ್ಯೋದಯದ ಹೊತ್ತಿಗೆ ಇದ್ದ ತಿಥಿ. ನಾಗರ ಪಂಚಮಿಯ ತಿಥಿ ನಮ್ಮಲ್ಲಿ ಸೋಮವಾರ ಬೆಳಿಗ್ಗೆ 9ಕ್ಕೆ ಶುರುವಾಗಿ ಮಂಗಳವಾರ 9ಕ್ಕೆ ಮುಗಿಯಿತು ಅಂದುಕೊಳ್ಳಿ. ನಮಗೆ ಮಂಗಳವಾರದ ಸೂರ್ಯೋದಯಕ್ಕೆ ಪಂಚಮಿ ಇದೆ, ಹಬ್ಬ ಅಂದೇ. ನ್ಯೂಯಾರ್ಕಿನಲ್ಲಿ ಅದೇ ತಿಥಿ ಭಾನುವಾರ ರಾತ್ರಿ 11:30ಕ್ಕೆ ಶುರುವಾಗಿ ಸೋಮವಾರ ರಾತ್ರಿ 11:30ಕ್ಕೇ ಮುಗಿದುಹೋಗಿರುತ್ತದೆ. ಅಲ್ಲಿರುವ ನಿಮ್ಮ ತಮ್ಮ ಸೋಮವಾರವೇ ನಾಗಪ್ಪನಿಗೆ ಹಾಲೆರೆದರೆ ಅವನ ಲೆಕ್ಕ ಸರಿಯಾಗಿಯೇ ಇದೆ. ಫೋನ್ ಮಾಡಿ ಬೈಯಬೇಡಿ.