ಹಿಂದಿನ ಸ್ಪೀಕರ್‌ನಲ್ಲಿ ಬೇಸ್ ಇಲ್ಲ, ಎಷ್ಟು ವಾಟ್ ಹಾಕಿಸಲಿ?

ಮುಂಬೈಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಹೊರಗೆ ಬಂದರೆ ಸಾಕು, ಯಾರಾದರೊಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ಸಾರ್, ನಮ್ಮಪ್ಪನ ಹಳೇ ಪದ್ಮಿನಿ ಕಾರ್ ಇದೆ. ಹಿಂದಿನ ಗಾಜಿನ ಕೆಳಗೆ 6×9 ಇಂಚಿನ ಓವಲ್ ಸ್ಪೀಕರ್ ಹಾಕಿಸಿದ್ದೀನಿ. ಬೇಸೇ ಇಲ್ಲ, ಗುಂ ಅನ್ನೋ ಆ ಕೆಳಗಿನ ಸ್ವರವೇ ಬರ್ತಿಲ್ಲ. ಈಗಿರೋದು 300 ವಾಟ್. 600 ಹಾಕಿದ್ರೆ ಬರುತ್ತಾ?" ಈ ತಿಂಗಳಲ್ಲಿ ಡೊಂಬಿವಲಿಯವರು ಒಬ್ಬರು, ಮುಲುಂಡಿನವರು ಇಬ್ಬರು ಇದನ್ನೇ ಕೇಳಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು ನೋಡಿ, ಅಲ್ಲಿಂದ ಶುರು. ಬಿಲ್ಡಿಂಗ್ ಕೆಳಗೆ ಕವರ್ ಹೊದ್ದು ಮಲಗಿದ್ದ ಗಾಡಿಗಳ ಮೇಲೆ ಎಲ್ಲರಿಗೂ ದಿಢೀರ್ ಪ್ರೀತಿ ಉಕ್ಕಿದೆ. ಸಂತೋಷ.

ಉತ್ತರ: ಬರುವುದಿಲ್ಲ. 600 ಅಲ್ಲ, 1200 ಹಾಕಿದರೂ ಬರುವುದಿಲ್ಲ.

ಈ ವಾಟ್ ಹುಚ್ಚು ಎಷ್ಟು ಸಲ ಬಿಡಿಸಿದರೂ ಹೋಗುವುದಿಲ್ಲ. ಇವತ್ತು ಲೆಕ್ಕ ಹಾಕಿಯೇ ಬಿಡೋಣ.

ಡಬ್ಬಿಯ ಮೇಲೆ 600 ಅಂತ ದಪ್ಪಗೆ ಬರೆದಿರುತ್ತದಲ್ಲ, ಅದು ಸ್ಪೀಕರ್ ಕೊಡುವ ಶಬ್ದ ಅಲ್ಲ. ಅದು ಕ್ಷಣಮಾತ್ರ ತಡೆದುಕೊಳ್ಳಬಲ್ಲ ಪೆಟ್ಟು. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಸತತವಾಗಿ ತಾಳಿಕೊಳ್ಳುವುದು ಅಷ್ಟೇ. ಎರಡೂ ತಾಳಿಕೆಯ ಲೆಕ್ಕವೇ. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ಸಣ್ಣಗೆ ನೀರು ಬರುವಾಗ, ಕೊಡ ತೆಗೆದು ಹಂಡೆ ಇಟ್ಟರೆ ನೀರು ಜಾಸ್ತಿ ಬರುತ್ತಾ?

ನಲ್ಲಿ ಅಂದರೆ ಇಲ್ಲಿ ನಿಮ್ಮ ಸ್ಟೀರಿಯೋ. ಅದರ ಮೇಲೆ "50 ವಾಟ್ × 4" ಅಂತ ಇರುತ್ತದೆ. ಗಾಡಿ ಓಡುವಾಗ ಸಿಗುವ ವೋಲ್ಟೇಜ್ ಹೆಚ್ಚೆಂದರೆ 14.4. ಅದು ಅಲೆಯ ತುದಿ, ಸತತ ಲೆಕ್ಕಕ್ಕೆ ತರಲು 1.414ರಿಂದ ಭಾಗಿಸಿ, 10.2 ಬಂತು. ಅದರ ವರ್ಗ 104. ಸ್ಪೀಕರ್ 4 ಓಮ್, ಅದರಿಂದ ಭಾಗಿಸಿ. 26 ವಾಟ್. ಅದೂ ಶಬ್ದ ಒಡೆಯುವ ಅಂಚಿನಲ್ಲಿ. ಒಡೆಯದೆ ಶುದ್ಧವಾಗಿ ಸಿಗುವುದು 18, 20. ಹತ್ತನೇ ಕ್ಲಾಸಿನ ಗಣಿತ ಇದು. ಹೀಗಿರುವಾಗ ಆ 50 ಎಲ್ಲಿಂದ ಬಂತು ಅಂತ ಅಂಗಡಿಯವನನ್ನು ಕೇಳಿ, ಮಾತು ಬದಲಿಸುತ್ತಾನೆ.

"ಹಾಗಾದರೆ ಪ್ರತ್ಯೇಕ ಆಂಪ್ಲಿಫೈಯರ್, ಆಂಪ್, ಹಾಕ್ತೀನಿ" ಅನ್ನುತ್ತೀರಿ. ಗೊತ್ತು. ಆಂಪ್ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುತ್ತದೆ, ಅದು ನಿಜವಾಗಲೂ ಜಾಸ್ತಿ ಕೊಡುತ್ತದೆ. ಆದರೆ ವಾಟ್ ಎರಡು ಪಟ್ಟಾದರೆ ಏರುವುದು 3 ಡೆಸಿಬಲ್. ಕಿವಿಗೆ ಅದು "ಸ್ವಲ್ಪ ಜಾಸ್ತಿಯಾಯ್ತಾ?" ಅನ್ನುವಷ್ಟು. ಶಬ್ದ ದುಪ್ಪಟ್ಟಾಯಿತು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಡಬ್ಬಿಯಲ್ಲಿ ನೋಡಬೇಕಾದ ಸಂಖ್ಯೆಯೇ ಬೇರೆ, ಸೆನ್ಸಿಟಿವಿಟಿ. ಅಂದರೆ ಒಂದು ವಾಟ್ ಕೊಟ್ಟರೆ ಸ್ಪೀಕರ್ ಎಷ್ಟು ಶಬ್ದ ಮಾಡುತ್ತದೆ ಅನ್ನುವುದು. 92 ಡೆಸಿಬಲ್‌ನ ಸ್ಪೀಕರ್ 20 ವಾಟಿನಲ್ಲಿ ಮಾಡುವ ಕೆಲಸಕ್ಕೆ 86ರ ಸ್ಪೀಕರ್ 80 ವಾಟ್ ತಿನ್ನುತ್ತದೆ. ಇದನ್ನು ಯಾರೂ ಕೇಳುವುದಿಲ್ಲ, ಅಂಗಡಿಯಲ್ಲಿ ಯಾರೂ ಹೇಳುವುದೂ ಇಲ್ಲ.

ಇಷ್ಟು ವಾದ ಮಾಡಿದೆನಲ್ಲ, ಅಸಲು ರೋಗ ಇದ್ಯಾವುದೂ ಅಲ್ಲ. ನಿಮ್ಮ ಸ್ಪೀಕರ್ ಈಗಲೂ ಬೇಸ್ ಕೊಡುತ್ತಿದೆ. ಅದು ನಿಮ್ಮ ಕಿವಿಗೆ ಬರುವ ಮೊದಲೇ ಸಾಯುತ್ತಿದೆ.

ಸ್ಪೀಕರಿನ ಕೋನ್, ಅಂದರೆ ಅದುರುವ ಆ ಬಟ್ಟಲು, ಮುಂದಕ್ಕೆ ಗಾಳಿ ತಳ್ಳುವಾಗ ಹಿಂದುಗಡೆ ಅಷ್ಟೇ ಗಾಳಿ ಎಳೆಯುತ್ತದೆ. ಒಂದು ಕೂಡು, ಇನ್ನೊಂದು ಕಳೆ. ಎರಡೂ ಸೇರಿದರೆ ಸೊನ್ನೆ. 50 ಹರ್ಟ್ಸ್ ಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ನಿಮ್ಮ ಇಡೀ ಪದ್ಮಿನಿ 4 ಮೀಟರ್ ಇಲ್ಲ. ಕೋನಿನ ಹಿಂದುಗಡೆಯ ಅಷ್ಟು ಉದ್ದದ ಅಲೆ ಸಿಕ್ಕ ಸಂದಿಯಲ್ಲಿ ನುಸುಳಿ, ಡಿಕ್ಕಿಯಿಂದ ಸೀಟಿನ ಕಡೆ ಬಂದು, ಮುಂದುಗಡೆಯ ಅಲೆಯನ್ನು ನುಂಗಿ ಹಾಕುತ್ತದೆ. ಹಾಡುವವರ ದನಿ, ತಾಳದ ಸದ್ದು ಇವುಗಳ ಅಲೆ ಚಿಕ್ಕದು, ಅವು ಬಚಾವು. ಅದಕ್ಕೇ ಹಾಡು ಕೇಳುತ್ತದೆ, ಬೇಸ್ ಮಾತ್ರ ಇಲ್ಲ. ಆ ಸಂದಿ ಹಾಗೇ ಬಿಟ್ಟು ವಾಟ್ ಏರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಂಬಿಕೆ ಇಲ್ಲವಾ? ಸ್ಪೀಕರ್ ಬಿಚ್ಚಿ ಕೈಯಲ್ಲಿ ಹಿಡಿದು ಹಾಡು ಹಾಕಿ. ತಗಡಿನ ಹಾಗೆ ಕೇಳುತ್ತದೆ. ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬ ಕತ್ತರಿಸಿ, ನಡುವೆ ತೂತು ಮಾಡಿ, ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ಅದೇ ಸ್ಪೀಕರ್, ಅದೇ ವಾಟ್, ಬೇಸ್ ಬಂತು. ಮುಲುಂಡಿನ ಒಬ್ಬರ ಮನೆಯಲ್ಲಿ ಇದನ್ನು ಮಾಡಿ ತೋರಿಸಿದಾಗ ಅವರ ಹೆಂಡತಿ ಅಡುಗೆಮನೆಯಿಂದ ಬಂದು "ಹೊಸದು ತಂದ್ರಾ?" ಅಂತ ಕೇಳಿದರು. ಅವತ್ತಿಗೆ ನನ್ನ ಸಂಬಳ ಅದೇ.

ಆಮೇಲೆ ಕೆಳಗೆ ಹೋಗಿ ಅವರ ಗಾಡಿ ನೋಡಿದೆವು. ಗಾಜಿನ ಕೆಳಗೆ ಇದ್ದದ್ದು ರಟ್ಟು, ಮೂರು ಮಳೆಗಾಲ ಕುಡಿದು ಹಪ್ಪಳದ ಹಾಗೆ ಬಾಗಿತ್ತು. ರಾತ್ರಿ ಒಂಬತ್ತರ ಹೊತ್ತು, ಮೊಬೈಲ್ ಟಾರ್ಚ್ ಹಚ್ಚಿ ಡಿಕ್ಕಿಯಲ್ಲಿಟ್ಟು ಮುಚ್ಚಿದೆವು. ಒಳಗೆ ಕೂತು ತಿರುಗಿ ನೋಡಿದರೆ ಸೀಟಿನ ಬೆನ್ನಿನ ಸುತ್ತ, ರಟ್ಟಿನ ಅಂಚಿನಲ್ಲಿ, ವೈರ್ ಹೋದ ತೂತಿನಲ್ಲಿ ಎಲ್ಲೆಲ್ಲೂ ಬೆಳಕು. ದೀಪಾವಳಿ ಗೂಡುದೀಪದ ಹಾಗೆ! ಬೆಳಕು ಬಂದಲ್ಲೆಲ್ಲ ಬೇಸ್ ಸೋರುತ್ತದೆ. ಇನ್ನೇನೂ ಪರೀಕ್ಷೆ ಬೇಡ.

ಕೆಲಸ ಸುಲಭ. ರಟ್ಟು ತೆಗೆದು ಅದೇ ಅಳತೆಗೆ 18 ಮಿಲಿಮೀಟರ್ ಪ್ಲೈವುಡ್ ಕತ್ತರಿಸಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಮುಂಬೈ ಮಳೆಗೆ ಉಬ್ಬಿ ಪುಡಿಯಾಗುತ್ತದೆ. ನೀರು ತಾಳುವ ಮರೈನ್ ಪ್ಲೈ ತನ್ನಿ. ಸೀಟಿನ ಬೆನ್ನ ಹಿಂದೆ 6 ಮಿಲಿಮೀಟರಿನ ಇನ್ನೊಂದು ಹಲಗೆ. ಎಲ್ಲ ಅಂಚಿಗೂ ಫೋಮ್ ಪಟ್ಟಿ. ಈಗ ಇಡೀ ಡಿಕ್ಕಿಯೇ ಸ್ಪೀಕರ್ ಡಬ್ಬ ಆಯಿತು. ಗಾಡಿಯ ಅಸಲಿ ತಗಡಿಗೆ ಗರಗಸ ಹಚ್ಚಬೇಡಿ ಮಾರಾಯ್ರೇ. ಹಳೆ ರಟ್ಟು ಅಟ್ಟದ ಮೇಲಿಡಿ, ಮುಂದೆ ಯಾರಿಗಾದರೂ ಅದೇ ಮಾದರಿ ಬೇಕಾಗುತ್ತದೆ.

ಪ್ಲೈ ಕೂರಿಸುವ ಮೊದಲು ವೈರು ನೋಡಿ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ಬೇಸ್ ಹೋಗುತ್ತದೆ. ವೈರನ್ನು ಸ್ಟೀರಿಯೋ ಕಡೆ ಬಿಚ್ಚಿ, ಆ ತುದಿಗೆ ಒಂದು ಪೆನ್ಸಿಲ್ ಸೆಲ್ ಮುಟ್ಟಿಸಿ. ಎರಡೂ ಕೋನ್ ಒಂದೇ ದಿಕ್ಕಿಗೆ ಜಿಗಿಯಬೇಕು. ಬಂದ ಗಾಡಿಗಳಲ್ಲಿ ಈ ತಪ್ಪು ಎಷ್ಟೋ ಸಲ ಕಂಡಿದ್ದೇನೆ. ದೊಡ್ಡ ಆಂಪ್ ಆಸೆ ಇನ್ನೂ ಇದ್ದರೆ ಒಂದು ಮಾತು: ಗಾಡಿಯಲ್ಲಿ ಹಳೇ ಡೈನಮೋನೇ ಇದ್ದರೆ ಸಾಯನ್ ಸಿಗ್ನಲ್ಲಿನಲ್ಲಿ ನಿಂತಾಗ ಅದು ಚಾರ್ಜೇ ಮಾಡುವುದಿಲ್ಲ. ಕೆಂಪು ದೀಪ ಮಿಣುಕುತ್ತಿರುತ್ತದೆ, ಆಂಪ್ ಬ್ಯಾಟರಿ ಕುಡಿಯುತ್ತಿರುತ್ತದೆ.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ನೀವು ಹಾಕುವ ಹಾಡು ಯಾವುದು? ಹಳೇ ಗಾಡಿ ಅಂದರೆ ಹಳೇ ಹಾಡು, ಪಿ.ಬಿ. ಶ್ರೀನಿವಾಸ್ ಬೇಕೇ ಬೇಕು. ನನಗೂ ಬೇಕು. ಆದರೆ ಅರವತ್ತರ ದಶಕದ ಆ ಮೋನೋ ರೆಕಾರ್ಡಿಂಗ್‌ಗಳಲ್ಲಿ ತೀರಾ ಕೆಳಗಿನ ಸ್ವರ ಇರುವುದೇ ಕಡಿಮೆ. ಇಲ್ಲದ್ದನ್ನು ಸ್ಪೀಕರ್ ಎಲ್ಲಿಂದ ತರಬೇಕು? ಬೇಸ್ ಗುಂಡಿ ತಿರುಗಿಸಿದರೆ ಗುಂಯ್‌ಗುಟ್ಟುತ್ತದೆ, ಅಷ್ಟೇ. ಯಕ್ಷಗಾನ ಹಾಕಿ "ಚೆಂಡೆ ಎದೆಗೆ ಬಡೀತಿಲ್ಲ" ಅಂದವರೂ ಇದ್ದಾರೆ. ಚೆಂಡೆಯ ಪೆಟ್ಟು ಚೂಪು, ಅದು ಬೇಸ್ ವಾದ್ಯವೇ ಅಲ್ಲ. ಪರೀಕ್ಷೆಗೆ ಒಳ್ಳೆಯ ಹೊಸ ರೆಕಾರ್ಡಿಂಗಿನ ಡೊಳ್ಳು ಹಾಕಿ. ಇಲ್ಲವೇ ಮೃದಂಗದ ತನಿ ಆವರ್ತನ ಹಾಕಿ ಎಡಗೈ ಬದಿಯ, ಅಂದರೆ ತೊಪ್ಪಿಯ, "ಧೋಂ" ಕೇಳಿ. ಅದು ಸೀಟಿನ ಬೆನ್ನಿಗೆ ತಾಗಿದರೆ ಕೆಲಸ ಸರಿಯಾಗಿದೆ.

ಮುಲುಂಡಿನವರಿಗೆ ತಾಗಿತು. ಮರುದಿನವೇ ಫೋನ್: ಬೇಸ್ ಬಂದಿದೆ, ಆದರೆ ಹಿಂದೆ ಏನೋ ಗಡಗಡ ಅನ್ನುತ್ತಿದೆ, ಸ್ಪೀಕರ್ ಹರಿಯಿತಾ? ಹರಿದಿಲ್ಲ, ಅದು ನಂಬರ್ ಪ್ಲೇಟ್. ಬಿಚ್ಚಿ ಹಿಂದೆ ಎರಡು ರಬ್ಬರ್ ವಾಷರ್ ಹಾಕಿ ಅಂದೆ.